ತೆರಿಗೆ ಇಲಾಖೆಗೇ ಮೊದಲು ಗೊತ್ತಾಗುವ ಲೆಕ್ಕ

ಸಣ್ಣ ಉದ್ದಿಮೆಗಳ ಲೆಕ್ಕಪತ್ರ ನೋಡಿಕೊಳ್ಳುವ ಬಹುಪಾಲು ಕಚೇರಿಗಳು ಇಂದಿಗೂ ಹಳೆಯ ಕ್ರಮದಲ್ಲೇ ನಡೆಯುತ್ತಿವೆ. ಉದ್ದಿಮೆದಾರರು ತಿಂಗಳುಗಟ್ಟಲೆ ಬಿಲ್ಲುಗಳನ್ನು ಕೂಡಿಟ್ಟು, ರಿಟರ್ನ್ ಸಲ್ಲಿಸುವ ಕಡೆಯ ದಿನಾಂಕ ಹತ್ತಿರ ಬಂದಾಗ ಅಕೌಂಟೆಂಟರಿಗೆ ಒಪ್ಪಿಸುತ್ತಾರೆ. ಅವರು ರಾತ್ರಿಯೆಲ್ಲ ಕುಳಿತು ತಾಳೆ ಹೊಂದಿಸುತ್ತಾರೆ. ಈ ಪದ್ಧತಿಯ ಬುಡದಲ್ಲಿ ಒಂದು ನಂಬಿಕೆಯಿದೆ: ವ್ಯವಹಾರ ನಡೆದದ್ದನ್ನು ಸರ್ಕಾರಕ್ಕೆ ತಿಳಿಸುವವರು ನಾವು, ನಾವು ತಿಳಿಸುವ ತನಕ ಅದಕ್ಕೆ ಗೊತ್ತಾಗುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಈ ನಂಬಿಕೆಗೆ ಈಗ ಆಧಾರವೇ ಉಳಿದಿಲ್ಲ, ಆದರೆ ಅದರ ಮೇಲೆ ಕಟ್ಟಿದ ಕೆಲಸದ ಕ್ರಮ ಮಾತ್ರ ಬದಲಾಗಿಲ್ಲ.

1954ರಲ್ಲಿ ಫ್ರಾನ್ಸ್ ಮೌಲ್ಯವರ್ಧಿತ ತೆರಿಗೆಯನ್ನು ಜಾರಿಗೆ ತಂದಾಗ ಅದರ ಜಾಣ್ಮೆಯೆಲ್ಲ ಇನ್‌ವಾಯ್ಸಿನಲ್ಲಿತ್ತು. ಮಾರಿದವನು ಕಟ್ಟಿದ ತೆರಿಗೆಯನ್ನು ಕೊಂಡವನು ತನ್ನ ತೆರಿಗೆಯಲ್ಲಿ ಕಳೆದುಕೊಳ್ಳುವುದರಿಂದ, ಬಿಲ್ಲು ಕೇಳಿ ಪಡೆಯುವುದು ಕೊಂಡವನ ಹಿತವೇ ಆಗಿತ್ತು. ಆದರೆ ಆ ಕಾಗದಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ನೋಡಲು ಯಾವ ಇಲಾಖೆಗೂ ಸಾಧ್ಯವಿರಲಿಲ್ಲ. ಆ ಕೊರತೆಯನ್ನು, ಕಂಪ್ಯೂಟರ್ ನೇರವಾಗಿ ಓದಿ ಹೋಲಿಸಬಲ್ಲ ಬಿಲ್ಲು, ಅಂದರೆ ಎಲೆಕ್ಟ್ರಾನಿಕ್ ಇನ್‌ವಾಯ್ಸ್ ತುಂಬಿತು. ಚಿಲಿ ದೇಶ 2003ರಲ್ಲೇ ಈ ದಾರಿ ಹಿಡಿಯಿತು. ಇಟಲಿಯಲ್ಲಿ 2019ರ ಜನವರಿಯಿಂದ ವ್ಯಾಪಾರಿಗಳ ನಡುವಣ ಇನ್‌ವಾಯ್ಸುಗಳು ಸರ್ಕಾರದ ವಿನಿಮಯ ವ್ಯವಸ್ಥೆಯ ಮೂಲಕವೇ ಹಾದು ಕೊಂಡವನನ್ನು ತಲುಪಬೇಕು. ಭಾರತದಲ್ಲಿ 2020ರ ಅಕ್ಟೋಬರಿನಲ್ಲಿ 500 ಕೋಟಿ ರೂಪಾಯಿಗೂ ಮೀರಿದ ವಹಿವಾಟಿನ ಕಂಪನಿಗಳಿಗೆ ಆರಂಭವಾದ ಕಡ್ಡಾಯ, ಮೂರೇ ವರ್ಷಗಳಲ್ಲಿ, 2023ರ ಆಗಸ್ಟಿನ ಹೊತ್ತಿಗೆ, 5 ಕೋಟಿಯ ಮಟ್ಟಕ್ಕೆ ಇಳಿಯಿತು. ಬೆಲ್ಜಿಯಂ 2026ರ ಜನವರಿಯಿಂದ ವ್ಯಾಪಾರಿಗಳ ನಡುವೆ ಎಲೆಕ್ಟ್ರಾನಿಕ್ ಇನ್‌ವಾಯ್ಸನ್ನು ಕಡ್ಡಾಯ ಮಾಡಿದೆ. ಐರೋಪ್ಯ ಒಕ್ಕೂಟದ ದೇಶಗಳ ನಡುವಿನ ವ್ಯಾಪಾರಕ್ಕೆ 2030ರ ಜುಲೈ ಗಡುವಾಗಿದೆ. ಅಂದರೆ ಇಟಲಿ, ಭಾರತದಂಥ ಕಡೆಗಳಲ್ಲಿ ಅಕೌಂಟೆಂಟರು ಬಿಲ್ಲನ್ನು ನೋಡುವ ಎಷ್ಟೋ ಮೊದಲೇ ಇಲಾಖೆ ಅದನ್ನು ನೋಡಿರುತ್ತದೆ. ತಿಂಗಳುಗಳ ನಂತರ ನಾವು ಸಲ್ಲಿಸುವ ಲೆಕ್ಕ, ಅವರ ಬಳಿ ಆಗಲೇ ಇರುವ ಲೆಕ್ಕದೊಡನೆ ಹೋಲಿಸಿ ನೋಡುವ ಪ್ರತಿಯಷ್ಟೇ.

ಇದರ ಪೆಟ್ಟು ಮೊದಲು ಬೀಳುವುದು ನಗದಿನ ಮೇಲೆ. ಭಾರತದ ಜಿಎಸ್‌ಟಿಯಲ್ಲಿ 2022ರ ಜನವರಿಯಿಂದ, ಸರಕು ಪೂರೈಸಿದವನು ಆ ಬಿಲ್ಲನ್ನು ತನ್ನ ರಿಟರ್ನಿನಲ್ಲಿ ತೋರಿಸದ ಹೊರತು ಕೊಂಡವನಿಗೆ ಇನ್‌ಪುಟ್ ಕ್ರೆಡಿಟ್, ಅಂದರೆ ಖರೀದಿಯಲ್ಲಿ ತೆತ್ತ ತೆರಿಗೆಯನ್ನು ತನ್ನ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ, ದೊರೆಯುವುದಿಲ್ಲ. ಹಣ ಪೂರ್ತಿ ಪಾವತಿಯಾಗಿದ್ದರೂ, ಸರಕು ಕೈಸೇರಿದ್ದರೂ, ಪೂರೈಕೆದಾರನ ಸೋಮಾರಿತನಕ್ಕೆ ದಂಡ ತೆರುವವನು ಕೊಂಡವನು. ಇದು ನ್ಯಾಯವೇ ಎಂದು ಕೇಳಿದರೆ ಅಲ್ಲ ಎಂದೇ ಹೇಳುತ್ತೇನೆ. ತಪಾಸಣೆಯ ಖರ್ಚನ್ನು ಇಲಾಖೆಗಳು ತಮ್ಮ ಮೈಮೇಲಿಂದ ಇಳಿಸಿ ಅತಿ ಸಣ್ಣವರ ಹೆಗಲಿಗೆ ಏರಿಸಿವೆ. ಆದರೆ ನ್ಯಾಯದ ವಾದ ಮುಗಿಯುವವರೆಗೆ ಗಡುವು ಕಾಯುವುದಿಲ್ಲವಾದ್ದರಿಂದ, ಯಾವ ಪೂರೈಕೆದಾರನ ಬಿಲ್ಲುಗಳು ಸಮಯಕ್ಕೆ ಸರಿಯಾಗಿ ಕಾಣಿಸಿಕೊಳ್ಳುತ್ತವೆ, ಯಾವನವು ಕಾಣಿಸಿಕೊಳ್ಳುವುದಿಲ್ಲ ಎಂಬ ಪಟ್ಟಿಯನ್ನು ಅಕೌಂಟೆಂಟರು ಪ್ರತಿ ತಿಂಗಳೂ ಮಾಲೀಕರ ಮುಂದಿಡಬೇಕು. ಎರಡು ರೂಪಾಯಿ ಅಗ್ಗಕ್ಕೆ ಮಾರುವವನು ಕೊನೆಗೆ ದುಬಾರಿಯಾಗುವುದು ಆ ಪಟ್ಟಿಯಲ್ಲಿ ಮಾತ್ರ ಗೋಚರಿಸುತ್ತದೆ.

ಹಾಗಾಗಿ ನಾನು ಒತ್ತಿ ಹೇಳುವುದು ತಿಂಗಳ ಲೆಕ್ಕವನ್ನು ಆಯಾ ತಿಂಗಳಿಗೇ ಮುಗಿಸುವ ಬಗ್ಗೆ. ಮುಂದಿನ ತಿಂಗಳ ಹತ್ತನೆಯ ತಾರೀಖಿನೊಳಗೆ ಬ್ಯಾಂಕ್ ಖಾತೆ ತಾಳೆಯಾಗಿರಬೇಕು, ಬರಬೇಕಾದ ಮತ್ತು ಕೊಡಬೇಕಾದ ಬಾಕಿಗಳ ಪಟ್ಟಿ ಅವಧಿವಾರು ಸಿದ್ಧವಾಗಿರಬೇಕು, ಇಲಾಖೆಯ ದಾಖಲೆಯೊಡನೆ ನಮ್ಮ ಖರೀದಿ ಖಾತೆಯನ್ನು ಹೋಲಿಸಿರಬೇಕು. ಗ್ರಾಹಕರಿಂದ ವಸೂಲಾದ ತೆರಿಗೆಯ ಮೊತ್ತವನ್ನು ಬೇರೆಯದೇ ಒಂದು ಬ್ಯಾಂಕ್ ಖಾತೆಗೆ ಸರಿಸಿಡಬೇಕು ಎಂಬುದನ್ನು ಇದಕ್ಕೆ ಸೇರಿಸುತ್ತೇನೆ. ಆ ಹಣ ಉದ್ದಿಮೆಯದಲ್ಲ. ಆದರೂ ಚಾಲ್ತಿ ಖಾತೆಯಲ್ಲಿ ಕಣ್ಣೆದುರು ಇರುವಾಗ ಅದು ತಮ್ಮದೇ ಎಂಬ ಭ್ರಮೆ ಹುಟ್ಟಿಸುತ್ತದೆ. ಲಾಭ ತೋರಿಸುತ್ತಿರುವ ಉದ್ದಿಮೆಯೂ ತೆರಿಗೆ ಕಟ್ಟುವ ದಿನ ಸಾಲಕ್ಕೆ ಓಡುವುದರ ಹಿಂದೆ ಎಷ್ಟೋ ಸಲ ಇರುವ ಕಾರಣ ಇಷ್ಟು ಸರಳವಾದದ್ದು.

ತಂತ್ರಾಂಶ ಈ ಕೆಲಸವನ್ನು ಹಗುರ ಮಾಡಿದೆ ಎನ್ನುವುದರಲ್ಲಿ ಅನುಮಾನವಿಲ್ಲ. ಬ್ಯಾಂಕ್ ವ್ಯವಹಾರಗಳು ತಾವಾಗಿಯೇ ಖಾತೆಗೆ ಬಂದು ಸೇರುತ್ತವೆ, ಬಿಲ್ಲಿನ ಫೋಟೋದಿಂದ ಮೊತ್ತ ಮತ್ತು ದಿನಾಂಕ ಭರ್ತಿಯಾಗುತ್ತವೆ. ಆದರೆ ಯಂತ್ರ ಖರ್ಚಿನ ಶೀರ್ಷಿಕೆಯನ್ನು ಆರಿಸುವುದು ಹಿಂದಿನ ರೂಢಿಯನ್ನು ನೋಡಿ. ಮೊದಲ ತಿಂಗಳು ಯಂತ್ರೋಪಕರಣದ ಖರೀದಿಯನ್ನು ದುರಸ್ತಿ ವೆಚ್ಚವೆಂದು ಹಾಕಿದರೆ, ಹನ್ನೆರಡು ತಿಂಗಳೂ ಅದೇ ತಪ್ಪು ಅಷ್ಟೇ ಅಚ್ಚುಕಟ್ಟಾಗಿ ಮರುಕಳಿಸುತ್ತದೆ. ಅಚ್ಚುಕಟ್ಟಾಗಿರುವುದರಿಂದಲೇ ಯಾರೂ ಅನುಮಾನಿಸುವುದಿಲ್ಲ. ಚಾಟ್‌ಜಿಪಿಟಿಯಂಥ ಭಾಷಾ ಮಾದರಿಗಳನ್ನು ಪತ್ರದ ಕರಡು ಸಿದ್ಧಪಡಿಸಲು, ಉದ್ದದ ನೋಟಿಸಿನ ತಿರುಳನ್ನು ಹಿಡಿಯಲು ಧಾರಾಳವಾಗಿ ಬಳಸಬಹುದು. ಆದರೆ ಅವು ಇಲ್ಲದ ಕಲಮುಗಳನ್ನೂ ಇಲ್ಲದ ತೀರ್ಪುಗಳನ್ನೂ ಅಳುಕಿಲ್ಲದೆ ಉಲ್ಲೇಖಿಸುವುದರಿಂದ, ಮೂಲ ಕಾಯ್ದೆಯನ್ನು ತೆರೆದು ನೋಡದೆ ಯಾವ ಉತ್ತರಕ್ಕೂ ಸಹಿ ಹಾಕಬಾರದು. ಸಹಿ ನಮ್ಮದು, ಯಂತ್ರದ್ದಲ್ಲ.

ಭದ್ರತೆಯ ಬಗ್ಗೆ ನಮ್ಮ ವೃತ್ತಿಯ ಉದಾಸೀನ ನನಗೆ ಇಂದಿಗೂ ಅರ್ಥವಾಗಿಲ್ಲ. ಹತ್ತಾರು ಉದ್ದಿಮೆಗಳ ಪಾಸ್‌ವರ್ಡುಗಳನ್ನು ಒಂದೇ ಎಕ್ಸೆಲ್ ಹಾಳೆಯಲ್ಲಿ ಬರೆದು ಕಚೇರಿಯ ಎಲ್ಲರಿಗೂ ವಾಟ್ಸಾಪಿನಲ್ಲಿ ಕಳಿಸುವುದು ಸಾಮಾನ್ಯ ಸಂಗತಿ. ಅಮೆರಿಕದಲ್ಲಿ ಹಣ ಪಡೆದು ತೆರಿಗೆ ರಿಟರ್ನ್ ಸಿದ್ಧಪಡಿಸುವವರು ಲಿಖಿತ ಭದ್ರತಾ ಯೋಜನೆಯನ್ನು ಹೊಂದಿರಲೇಬೇಕೆಂಬ ಕಾನೂನಿದೆ. ಒಬ್ಬರೇ ನಡೆಸುವ ಕಚೇರಿಗೂ ವಿನಾಯಿತಿಯಿಲ್ಲ. ಕಾನೂನು ಕೇಳದ ಕಡೆಯಲ್ಲೂ ಎರಡು ಹಂತದ ದೃಢೀಕರಣ ಇರಲಿ. ಪೂರೈಕೆದಾರನ ಬ್ಯಾಂಕ್ ಖಾತೆ ಬದಲಾಗಿದೆಯೆಂದು ಇಮೇಲ್ ಬಂದರೆ, ಮೊದಲಿನಿಂದ ಗೊತ್ತಿರುವ ಸಂಖ್ಯೆಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳುವ ತನಕ ಹಣ ಕಳಿಸಬಾರದು.

ಇನ್ನು ಶುಲ್ಕದ ವಿಷಯ. ಇದನ್ನು ಬಹಿರಂಗವಾಗಿ ಮಾತಾಡಲು ನಮ್ಮಲ್ಲಿ ಹಲವರಿಗೆ ಸಂಕೋಚ. ಗಂಟೆಯ ಲೆಕ್ಕದಲ್ಲಿ ಶುಲ್ಕ ಪಡೆಯುವವರು, ಆರು ಗಂಟೆಯ ಕೆಲಸ ತಂತ್ರಾಂಶದಿಂದ ಒಂದು ಗಂಟೆಗೆ ಇಳಿದಾಗ ತಮ್ಮ ಜಾಣ್ಮೆಗೆ ತಾವೇ ದಂಡ ಕಟ್ಟಿದಂತಾಗುತ್ತದೆ. ವರ್ಷಕ್ಕೊಂದು ರಿಟರ್ನಿಗೆ ಇಂತಿಷ್ಟು ಎನ್ನುವವರ ಪಾಡೂ ಇದಕ್ಕಿಂತ ಮೇಲಲ್ಲ, ಏಕೆಂದರೆ ರಿಟರ್ನ್ ತುಂಬುವ ಕೆಲಸದ ಬೆಲೆ ಇಳಿಯುತ್ತಲೇ ಹೋಗುತ್ತದೆ. ಬ್ರಿಟನ್ನಿನಲ್ಲಿ 50,000 ಪೌಂಡಿಗೂ ಹೆಚ್ಚು ವರಮಾನವಿರುವ ಸ್ವಂತ ಉದ್ಯೋಗಿಗಳು ಮತ್ತು ಬಾಡಿಗೆದಾರರಿಂದ ಹಣ ಪಡೆಯುವ ಮಾಲೀಕರು 2026ರ ಏಪ್ರಿಲಿನಿಂದ ಮೂರು ತಿಂಗಳಿಗೊಮ್ಮೆ ವಿವರ ಕಳಿಸಬೇಕಾದ ನಿಯಮ ಬಂದಿರುವಾಗ, ಅಲ್ಲಿನ ಅಕೌಂಟೆಂಟರು ಹಳೆಯ ವಾರ್ಷಿಕ ಶುಲ್ಕಕ್ಕೇ ಅಂಟಿಕೊಂಡರೆ ಹೆಚ್ಚಿನ ಕೆಲಸವನ್ನು ಪುಕ್ಕಟೆ ಮಾಡಿದಂತೆ. ತಿಂಗಳಿಗೆ ನಿಗದಿತ ಶುಲ್ಕ, ಅದರಲ್ಲಿ ಏನು ಸೇರಿದೆ ಏನು ಸೇರಿಲ್ಲ ಎಂಬ ಲಿಖಿತ ಒಪ್ಪಂದ, ಕಾಗದಪತ್ರ ತಡವಾದರೆ ಏನಾಗುತ್ತದೆ ಎಂಬ ಸ್ಪಷ್ಟ ಷರತ್ತು, ಇವಿಷ್ಟು ಇರಲೇಬೇಕು. ನೋಟಿಸಿಗೆ ಉತ್ತರ ಬರೆಯುವುದು ಪ್ರತ್ಯೇಕ ಕೆಲಸವೆಂದು ಮೊದಲೇ ನಮೂದಿಸದಿದ್ದರೆ ಅದು ಸ್ನೇಹಪೂರ್ವಕ ಸಹಾಯವಾಗಿಬಿಡುತ್ತದೆ.

ಇಷ್ಟನ್ನೂ ಎಲ್ಲ ಗ್ರಾಹಕರಿಗೆ ಒಂದೇ ತಿಂಗಳಲ್ಲಿ ಜಾರಿಗೊಳಿಸಲು ಹೊರಡುವುದು ಅವಿವೇಕ. ಸರಕು ದಾಸ್ತಾನು ಇರುವ, ಸಾಲದ ಮೇಲೆ ಮಾರುವ, ಖರೀದಿಯ ತೆರಿಗೆ ದೊಡ್ಡದಾಗಿರುವ ಉದ್ದಿಮೆಗಳಿಂದ ಆರಂಭಿಸಬೇಕು, ಏಕೆಂದರೆ ತಿಂಗಳ ಲೆಕ್ಕದಿಂದ ತಕ್ಷಣ ಹಣ ಉಳಿಯುವುದು ಅವರಿಗೆ. ರಿಟರ್ನುಗಳ ದಟ್ಟಣೆ ಕಳೆದ ಮೇಲಿನ ಬಿಡುವಿನ ತಿಂಗಳನ್ನು ಇದಕ್ಕೆ ಆರಿಸಿಕೊಳ್ಳುವುದು ಒಳ್ಳೆಯದು. ಪ್ರತಿ ಗಡುವಿನಲ್ಲೂ ಕಡೆಯ ರಾತ್ರಿಯೇ ಕಾಗದ ತರುವ, ಶುಲ್ಕವನ್ನೂ ಬಾಕಿ ಉಳಿಸುವ ಗ್ರಾಹಕರಿಗೆ ಹೊಸ ಷರತ್ತುಗಳನ್ನು ಪತ್ರದಲ್ಲಿ ತಿಳಿಸಿ, ಒಪ್ಪದಿದ್ದರೆ ಅವರ ದಾಖಲೆಗಳನ್ನು ಕ್ರಮವಾಗಿ ಹಿಂತಿರುಗಿಸಿ, ಸ್ವೀಕೃತಿ ಪಡೆದು ಬೀಳ್ಕೊಡಬಹುದು.