ಪುಸ್ತಕ ಹುಡುಕಿಕೊಡೋದು ನಾವು, ದುಡ್ಡು ಹೋಗೋದು ಬೇರೆ ಕಡೆಗೆ

ಬೇಡ ಬೇಡ ಅಂತ ಬಾಯಿ ಮುಚ್ಚಿಕೊಂಡಿದ್ದೆ. ಇನ್ನು ಆಗುವುದಿಲ್ಲ. ಹೊಸ ಪುಸ್ತಕಗಳ ಮೇಜಿನ ಮುಂದೆ ನಿಂತು, ಒಂದೊಂದೇ ಪುಸ್ತಕ ಎತ್ತಿ, ಹಿಂದೆ ತಿರುಗಿಸಿ, ಬಾರ್‌ಕೋಡಿಗೆ ಫೋನ್ ಹಿಡಿದು, ಬೇರೆ ಕಡೆ ಎಷ್ಟಕ್ಕೆ ಸಿಗುತ್ತದೆ ಅಂತ ನೋಡಿ, ನಮ್ಮ ಕಣ್ಣೆದುರಿಗೇ ಆರ್ಡರ್ ಹಾಕಿ, ಪುಸ್ತಕವನ್ನು ಸಿಕ್ಕಿದ ಕಡೆ ಎಸೆದು ಹೋಗುವವರ ಬಗ್ಗೆ ಬರೆಯುತ್ತಿದ್ದೇನೆ. ಮೈ ಉರಿಯುತ್ತದೆ.

ನಾನು ಕೆಲಸ ಮಾಡುವುದು ಒಂದು ಸ್ವತಂತ್ರ ಪುಸ್ತಕದಂಗಡಿಯಲ್ಲಿ. ಯಾವ ದೊಡ್ಡ ಕಂಪನಿಗೂ ಸೇರಿದ್ದಲ್ಲ, ಇರುವವರು ಕೆಲವೇ ಜನ. ನಾವಿರುವ ಕಡೆ ಬೇಸಿಗೆ ಮುಗಿಯುವುದು ಆಗಸ್ಟ್ ಕೊನೆಗೆ, ಅದೇ ನಮಗೆ ವರ್ಷದಲ್ಲೇ ಕಷ್ಟದ ಕಾಲ. ಜನ ರಜೆಯಲ್ಲಿರುತ್ತಾರೆ, ವ್ಯಾಪಾರ ತಣ್ಣಗಿರುತ್ತದೆ. ಆದರೆ ರಟ್ಟಿನ ಡಬ್ಬಿಗಳು ಮಾತ್ರ ಒಂದರ ಹಿಂದೆ ಒಂದು ಬರಲು ಶುರುವಾಗುತ್ತವೆ. ಪ್ರಕಾಶಕರು ತಮ್ಮ ದೊಡ್ಡ ಪುಸ್ತಕಗಳನ್ನೆಲ್ಲ ಸೆಪ್ಟೆಂಬರ್, ಅಕ್ಟೋಬರ್‌ಗೆ ಅಂತ ಎತ್ತಿಟ್ಟಿರುತ್ತಾರೆ, ವರ್ಷದ ಕೊನೆಗೆ ಜನ ಉಡುಗೊರೆ ಕೊಳ್ಳುವ ಹೊತ್ತಿಗೆ ಹೆಸರು ಮಾಡಿರಲಿ ಅಂತ. ಫ್ರಾನ್ಸಿನಲ್ಲಿ ಆಗಸ್ಟ್ ಮಧ್ಯದಿಂದಲೇ ನೂರಾರು ಕಾದಂಬರಿಗಳು ಒಟ್ಟೊಟ್ಟಿಗೆ ಬಂದು ಬೀಳುತ್ತವೆ, ಆ ಕಾಲಕ್ಕೆ ರಾಂತ್ರೆ ಲಿಟೆರೇರ್ ಅಂತ ಹೆಸರೇ ಇದೆ. ಅತ್ತ ಬೂಕರ್ ಪ್ರಶಸ್ತಿಯ ಮೊದಲ ಪಟ್ಟಿ ಬಂದಿರುತ್ತದೆ, ಅಲ್ಲಿರುವ ಪುಸ್ತಕ ಇದೆಯಾ ಅಂತ ಜನ ಕೇಳಲು ಶುರು ಮಾಡಿರುತ್ತಾರೆ. ಗಲ್ಲಾದಲ್ಲಿ ದುಡ್ಡಿಲ್ಲ, ಬಿಲ್ಲುಗಳು ಬರುತ್ತಲೇ ಇವೆ. ಇದು ನಮ್ಮ ಆಗಸ್ಟ್.

ಈಗ ಆ ಮೇಜಿನ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಅದು ತಾನಾಗಿಯೇ ಅಲ್ಲಿಗೆ ಬಂದು ಕೂತಿದೆ ಅಂತ ಬಹಳ ಜನ ಅಂದುಕೊಂಡ ಹಾಗಿದೆ. ಆಗಸ್ಟ್ ಕೊನೆಯಲ್ಲಿ ನೀವು ನೋಡುವ ಮೇಜನ್ನು ನಾವು ವಸಂತದಲ್ಲೇ ಜೋಡಿಸಲು ಶುರು ಮಾಡಿರುತ್ತೇವೆ. ಪ್ರಕಾಶಕರ ಕ್ಯಾಟಲಾಗ್‌ಗಳು ತಿಂಗಳುಗಟ್ಟಲೆ ಮುಂಚೆ ಬರುತ್ತವೆ. ಅದರಲ್ಲಿ ಪ್ರತಿ ಪುಸ್ತಕವೂ ವರ್ಷದ ಅದ್ಭುತ ಪುಸ್ತಕ ಅಂತಲೇ ಬರೆದಿರುತ್ತದೆ. ಯಾವುದು ನಿಜ ಅಂತ ತಿಳಿಯಬೇಕಾದರೆ ಓದಬೇಕು. ಬಿಡುಗಡೆಗೆ ಮುಂಚೆ ಕಳಿಸುವ ಕರಡು ಪ್ರತಿಗಳನ್ನು ನಾವು ಮನೆಗೆ ಹೊತ್ತುಕೊಂಡು ಹೋಗಿ ರಾತ್ರಿ ಓದುತ್ತೇವೆ. ಅದಕ್ಕೆ ಯಾರೂ ಸಂಬಳ ಕೊಡುವುದಿಲ್ಲ. ಓದಿದ ಹತ್ತರಲ್ಲಿ ಏಳನ್ನು ಬಿಡುತ್ತೇವೆ. ಉಳಿದ ಮೂರರಲ್ಲಿ ಯಾವುದಕ್ಕೆ ಎರಡು ಪ್ರತಿ ಸಾಕು, ಯಾವುದಕ್ಕೆ ಹತ್ತು ಬೇಕು ಅಂತ ಕೂತು ಲೆಕ್ಕ ಹಾಕುತ್ತೇವೆ. ಜಾಸ್ತಿ ತರಿಸಿದರೆ ಕೈ ಕಚ್ಚುತ್ತದೆ. ಕಡಿಮೆ ತರಿಸಿದರೆ ಕೇಳಿ ಬಂದವರು ವಾಪಸ್ ಹೋಗುತ್ತಾರೆ. ಮಾರಾಟವಾಗದ ಪುಸ್ತಕ ವಾಪಸ್ ಕಳಿಸಬಹುದಲ್ಲ ಅನ್ನುತ್ತಾರೆ ಕೆಲವರು. ಹೌದು, 1930ರ ದಶಕದಲ್ಲಿ, ಮಹಾ ಆರ್ಥಿಕ ಕುಸಿತದ ಹೊತ್ತಿನಲ್ಲಿ, ಅಂಗಡಿಗಳು ಹೆದರದೆ ಪುಸ್ತಕ ತರಿಸಲಿ ಅಂತ ಅಮೆರಿಕದ ಪ್ರಕಾಶಕರು ವಾಪಸ್ ತೆಗೆದುಕೊಳ್ಳಲು ಶುರು ಮಾಡಿದ ಪದ್ಧತಿ ಅದು, ಇವತ್ತಿಗೂ ಇದೆ. ಆದರೆ ಆ ಡಬ್ಬಿ ಕಟ್ಟುವವರು ಯಾರು? ಕಳಿಸುವ ಖರ್ಚು ಸಾಮಾನ್ಯವಾಗಿ ಯಾರ ತಲೆಗೆ? ನಮ್ಮದೇ. ಮೂಲೆ ಮಡಚಿದ, ಬೆರಳಿನ ಗುರುತು ಬಿದ್ದ, ಬೆನ್ನು ಸೀಳಿದ ಪ್ರತಿಯನ್ನು ಪ್ರಕಾಶಕರು ವಾಪಸ್ ತೆಗೆದುಕೊಳ್ಳುವುದಿಲ್ಲ. ನೀವು ಬಿಡಿಸಿ ನೋಡಿ, ಫೋಟೋ ತೆಗೆದು, ಬೇರೆ ಕಡೆ ಹೊಸ ಪ್ರತಿ ತರಿಸಿಕೊಂಡಿರಿ. ನಮಗೆ ಉಳಿದದ್ದು ಆ ಸುಕ್ಕಾದ ಪ್ರತಿ.

ಇದೇ ವಾರದ್ದು ಹೇಳುತ್ತೇನೆ. ಒಬ್ಬರು ಬಂದರು. ಅಮ್ಮನಿಗೆ ಪುಸ್ತಕ ಬೇಕು, ಅಕ್ಷರ ಸಣ್ಣದಾಗಿರಬಾರದು, ಕಣ್ಣಿಗೆ ಆಗುವುದಿಲ್ಲ, ಹಳೆಯ ದೊಡ್ಡ ಕುಟುಂಬಗಳ ಕಥೆ ಅಂದರೆ ಇಷ್ಟ, ಆದರೆ ಈಚೆಗೆ ಮನೆಯಲ್ಲಿ ಒಂದು ಸಾವಾಗಿದೆ, ಆದ್ದರಿಂದ ಸಾವಿನ ಕಥೆ ಬೇಡ ಅಂದರು. ಇಂಥ ಪ್ರಶ್ನೆಗೆ ಯಾವ ಸರ್ಚ್ ಬಾಕ್ಸೂ ಉತ್ತರ ಕೊಡುವುದಿಲ್ಲ. ನನ್ನ ಜೊತೆ ಕೆಲಸ ಮಾಡುವ ಹುಡುಗಿ ಹೊಸ ಮೇಜಿನಿಂದ ಒಂದು, ಒಳಗಿನ ಕಪಾಟಿನಿಂದ ಎರಡು, ಏಣಿ ಹತ್ತಿ ಮೇಲಿನಿಂದ ಇನ್ನೊಂದು ತಂದಳು. ಪ್ರತಿಯೊಂದರ ಅಕ್ಷರ ಎಷ್ಟು ದಪ್ಪ ಅಂತ ಪುಟ ಬಿಡಿಸಿ ತೋರಿಸಿದಳು. ಒಂದರಲ್ಲಿ ಕೊನೆಗೆ ಅಜ್ಜ ತೀರಿಕೊಳ್ಳುತ್ತಾರೆ ಅಂತ ನೆನಪಾಗಿ ಅದನ್ನು ತಾನೇ ಪಕ್ಕಕ್ಕಿಟ್ಟಳು. ಬೇರೆ ಗಿರಾಕಿಗಳು ಕಾಯುತ್ತಿದ್ದರು. ಪುಸ್ತಕ ಕೇಳಿದವರು ಉಳಿದ ಮೂರನ್ನೂ ಸಾಲಾಗಿ ಇಟ್ಟು, ಫೋಟೋ ತೆಗೆದುಕೊಂಡು, "ತುಂಬಾ ಉಪಕಾರವಾಯಿತು ಮೇಡಂ, ಮನೆಗೆ ಹೋಗಿ ತರಿಸಿಕೊಳ್ಳುತ್ತೇನೆ, ಅಲ್ಲಿ ಸ್ವಲ್ಪ ಕಡಿಮೆ ಇದೆ" ಅಂದರು. ನಗುನಗುತ್ತಲೇ ಅಂದರು. ಅವರಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ, ಅದೇ ನನಗೆ ತಡೆಯಲಾಗದ್ದು. ಆ ಹುಡುಗಿಯ ಮುಖ ನೋಡಬೇಕಿತ್ತು ನೀವು. ಪುಸ್ತಕಗಳನ್ನು ಎತ್ತಿಕೊಂಡು ಮತ್ತೆ ಏಣಿ ಹತ್ತಿದಳು.

ಬೆಲೆ ಜಾಸ್ತಿ, ನೀವೂ ಕಡಿಮೆಗೆ ಕೊಡಿ ಅನ್ನುತ್ತಾರೆ. ಎಲ್ಲಿಂದ ಕೊಡುವುದು? ಮುದ್ರಿತ ಬೆಲೆ 100 ಅಂತ ಇಟ್ಟುಕೊಳ್ಳಿ. ಪ್ರಕಾಶಕರಿಗೆ ನಾವು ಕೊಡುವುದು ಹೆಚ್ಚು ಕಡಿಮೆ 55ರಿಂದ 60. ಉಳಿದ 40 ಚಿಲ್ಲರೆಯಲ್ಲಿ ಬಾಡಿಗೆ, ಸಂಬಳ, ಕರೆಂಟು, ಕಾರ್ಡ್ ಉಜ್ಜಿದರೆ ಬ್ಯಾಂಕಿನ ಪಾಲು, ಕಳ್ಳತನವಾದ ಪುಸ್ತಕ, ಹಾಳಾದ ಪುಸ್ತಕ ಎಲ್ಲ ಕಳೆಯಬೇಕು. ಕೊನೆಗೆ ಕೈಗೆ ಸಿಗುವುದು ಚೂರುಪಾರು. ದೊಡ್ಡ ಆನ್‌ಲೈನ್ ಅಂಗಡಿಗೆ ಪುಸ್ತಕದಲ್ಲಿ ಲಾಭ ಬರಲೇಬೇಕು ಅಂತೇನಿಲ್ಲ, ಇವತ್ತು ಪುಸ್ತಕಕ್ಕೆ ಅಂತ ಬಂದವರು ನಾಳೆ ಮಿಕ್ಸಿಯನ್ನೂ ಅಲ್ಲೇ ಕೊಂಡರೆ ಅವರಿಗೆ ಸಾಕು. ನಮ್ಮಲ್ಲಿ ಇರುವುದು ಪುಸ್ತಕ ಮಾತ್ರ.

ಇದು ನಮ್ಮೊಬ್ಬರ ಗೋಳಾಟ ಅಂದುಕೊಳ್ಳಬೇಡಿ. ಸರ್ಕಾರಗಳೇ ಇದರ ಬಗ್ಗೆ ಕಾನೂನು ಮಾಡಿವೆ. ಫ್ರಾನ್ಸಿನಲ್ಲಿ 1981ರಲ್ಲಿ ಮಾಡಿದ ಕಾನೂನಿನ ಪ್ರಕಾರ ಹೊಸ ಪುಸ್ತಕಕ್ಕೆ ಯಾರೂ 5 ಪ್ರತಿಶತಕ್ಕಿಂತ ಜಾಸ್ತಿ ರಿಯಾಯಿತಿ ಕೊಡುವ ಹಾಗಿಲ್ಲ, ದೊಡ್ಡವರೂ ಅಷ್ಟೇ, ಸಣ್ಣವರೂ ಅಷ್ಟೇ. ಆಮೇಲೆ ಆನ್‌ಲೈನ್‌ನವರು ಮನೆಗೆ ತಲುಪಿಸುವ ಖರ್ಚನ್ನು ಒಂದು ಸೆಂಟಿಗೆ ಇಳಿಸಿ ದಾರಿ ಹುಡುಕಿದರು. ಅದಕ್ಕೂ ಅಲ್ಲಿನವರು ಬಿಡಲಿಲ್ಲ, 2023ರ ಅಕ್ಟೋಬರ್‌ನಿಂದ 35 ಯೂರೋಗಿಂತ ಕಡಿಮೆಯ ಆರ್ಡರ್‌ಗೆ ಕನಿಷ್ಠ 3 ಯೂರೋ ತೆಗೆದುಕೊಳ್ಳಲೇಬೇಕು ಅಂತ ಮಾಡಿದರು. ಜರ್ಮನಿಯಲ್ಲೂ ಪುಸ್ತಕದ ಬೆಲೆಗೆ ಕಾನೂನಿನ ಕಟ್ಟು ಇದೆ. ಬ್ರಿಟನ್ನಿನಲ್ಲಿ ಪ್ರಕಾಶಕರು ಇಟ್ಟ ಬೆಲೆಗಿಂತ ಕಡಿಮೆಗೆ ಮಾರಬಾರದು ಅಂತ 1900ರಿಂದ ಇದ್ದ ಒಪ್ಪಂದ 1990ರ ದಶಕದಲ್ಲಿ ಮುರಿದುಬಿತ್ತು, 1997ರಲ್ಲಿ ಕೋರ್ಟೂ ಅದು ಸಲ್ಲದು ಅಂದಿತು, ಆಮೇಲೆ ಸೂಪರ್ ಮಾರ್ಕೆಟ್‌ನವರೆಲ್ಲ ಹೆಸರುವಾಸಿ ಪುಸ್ತಕಗಳನ್ನು ಅರ್ಧ ಬೆಲೆಗೆ ಸುರಿಯತೊಡಗಿದರು. ಅಂಥ ಕಾನೂನು ಇಲ್ಲದ ಕಡೆ ಅಂಗಡಿ ಉಳಿಯುವುದು ಓದುಗರ ಮೇಲೆ. ಬೇರೆ ಯಾರ ಮೇಲೂ ಅಲ್ಲ.

ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ದುಡ್ಡಿಲ್ಲದವರ ಮೇಲೆ ನನಗೆ ಕೋಪವಿಲ್ಲ. ಬಂದು ಮೂಲೆಯಲ್ಲಿ ಕೂತು ಅರ್ಧ ಪುಸ್ತಕ ಓದಿ ಹೋಗುವ ವಿದ್ಯಾರ್ಥಿಗಳಿದ್ದಾರೆ, ಅವರನ್ನು ಯಾರೂ ಎಬ್ಬಿಸುವುದಿಲ್ಲ. ಗ್ರಂಥಾಲಯದಲ್ಲಿ ಸಿಗುತ್ತದೆ ಅಂತ ನಾವೇ ಎಷ್ಟೋ ಸಲ ಹೇಳಿ ಕಳಿಸಿದ್ದೇವೆ. ಗಟ್ಟಿ ರಟ್ಟಿನ ಪ್ರತಿ ದುಬಾರಿಯಾದರೆ ಸಾಮಾನ್ಯವಾಗಿ ಒಂದು ವರ್ಷದೊಳಗೆ ಪೇಪರ್‌ಬ್ಯಾಕ್ ಬರುತ್ತದೆ, ಕಾಯಿರಿ ಅಂತಲೂ ಹೇಳುತ್ತೇವೆ. ನನ್ನ ಕೋಪ ಇರುವುದು ದುಡ್ಡು ಕೊಡುವವರ ಮೇಲೆ. ದುಡ್ಡು ಕೊಡುತ್ತಾರೆ, ಆದರೆ ಕೆಲಸ ಮಾಡಿದವರಿಗೆ ಕೊಡುವುದಿಲ್ಲ.

ಈ ಆಗಸ್ಟಿನಲ್ಲಿ ಅನುವಾದಗಳಿಗೆ ಅಂತ ಒಂದು ಮೇಜು ಹಾಕಿದ್ದೆವು. ಬೇರೆ ಭಾಷೆಯ ಲೇಖಕಿಯರನ್ನು ಅನುವಾದದಲ್ಲಿ ಓದಿ ಅಂತ 2014ರಿಂದ ಪ್ರತಿ ಆಗಸ್ಟಿನಲ್ಲೂ ಒಂದು ಅಭಿಯಾನ ನಡೆಯುತ್ತದೆ, ಎಷ್ಟೋ ದೇಶಗಳ ಅಂಗಡಿಗಳು ಅದಕ್ಕೆ ಕೈ ಜೋಡಿಸುತ್ತವೆ. ಇವು ಬಹುತೇಕ ಸಣ್ಣ ಪ್ರಕಾಶಕರ ಪುಸ್ತಕಗಳು. ಜಾಹೀರಾತಿಲ್ಲ, ದೊಡ್ಡ ಪೋಸ್ಟರಿಲ್ಲ. ಯಾರಾದರೂ ಮುಖಪುಟ ಕಾಣುವ ಹಾಗೆ ಎತ್ತಿ ನಿಲ್ಲಿಸಿ, ಕೆಳಗೆ ಕೈಬರಹದಲ್ಲಿ ನಾಲ್ಕು ಸಾಲು ಬರೆದು ಸಿಕ್ಕಿಸಿದರೆ ಮಾತ್ರ ಜನರ ಕಣ್ಣಿಗೆ ಬೀಳುತ್ತವೆ. ಆ ನಾಲ್ಕು ಸಾಲು ಬರೆಯಲು ಪೂರ್ತಿ ಪುಸ್ತಕ ಓದಿರಬೇಕು, ಅಲ್ವಾ? ಮೊನ್ನೆ ಒಬ್ಬರು ಆ ಚೀಟಿಯದ್ದೇ ಫೋಟೋ ತೆಗೆದುಕೊಂಡು ಹೋದರು. ಪುಸ್ತಕ ಮುಟ್ಟಲೂ ಇಲ್ಲ. ಆ ಮೇಜನ್ನು ಮುಂದಿನ ವರ್ಷ ಹಾಕಬೇಕೋ ಬೇಡವೋ ಅನ್ನುವುದು ಅಲ್ಲಿಂದ ಎಷ್ಟು ಪುಸ್ತಕ ಹೋಯಿತು ಅನ್ನುವುದರ ಮೇಲೆ ನಿಂತಿದೆ. ಎಷ್ಟು ಫೋಟೋ ತೆಗೆದರು ಅನ್ನುವುದರ ಮೇಲಲ್ಲ.

ಕಾರ್ಯಕ್ರಮಗಳ ಕಥೆ ಇನ್ನೂ ಕೆಟ್ಟದ್ದು. ಸಂಜೆ ಲೇಖಕರು ಬಂದು ಓದುತ್ತಾರೆ ಅಂದರೆ ಮಧ್ಯಾಹ್ನದಿಂದಲೇ ಚಕ್ರ ಇರುವ ಕಪಾಟುಗಳನ್ನು ಗೋಡೆಗೆ ತಳ್ಳಬೇಕು, ಕುರ್ಚಿ ಬಿಡಿಸಬೇಕು, ಮೈಕು ಸರಿ ಮಾಡಬೇಕು, ಅಷ್ಟು ಹೊತ್ತು ಅಂಗಡಿಯ ಅರ್ಧ ಭಾಗದಲ್ಲಿ ವ್ಯಾಪಾರವೇ ಇಲ್ಲ. ಪ್ರವೇಶ ಉಚಿತ, ಹೆಸರು ಮಾತ್ರ ಮೊದಲೇ ಕೊಡಿ ಅಂತ ಕೇಳುತ್ತೇವೆ. ಹೆಸರು ಕೊಟ್ಟವರಲ್ಲಿ ಎಷ್ಟೋ ಜನ ಬರುವುದೇ ಇಲ್ಲ. ಬರಲಾಗುವುದಿಲ್ಲ ಅಂತ ಒಂದು ಸಾಲು ಬರೆಯುವುದೂ ಇಲ್ಲ. ಅವರಿಂದಾಗಿ ಜಾಗ ಇಲ್ಲ ಅನಿಸಿಕೊಂಡವರು ಮನೆಯಲ್ಲಿ ಕೂತಿರುತ್ತಾರೆ, ಇಲ್ಲಿ ಲೇಖಕರು ಖಾಲಿ ಕುರ್ಚಿಗಳ ಮುಂದೆ ಓದುತ್ತಿರುತ್ತಾರೆ. ನಾವು ಹಿಂದೆ ನಿಂತು ನಾಚಿಕೆಯಿಂದ ತಲೆ ತಗ್ಗಿಸಬೇಕು.

ಬಂದವರಾದರೂ? ಓದು ಮುಗಿದ ಮೇಲೆ ಸಹಿಗೆ ಸಾಲು ನಿಲ್ಲುತ್ತದೆ. ಚೀಲದಿಂದ ಪುಸ್ತಕ ಹೊರಗೆ ಬರುತ್ತದೆ, ಅದರ ಮೇಲೆ ಬೇರೆ ಕಡೆಯ ಸ್ಟಿಕ್ಕರ್ ಇನ್ನೂ ಅಂಟಿಕೊಂಡಿರುತ್ತದೆ. ಆ ಲೇಖಕರ ಹಳೆಯ ಪುಸ್ತಕವನ್ನು ಪ್ರೀತಿಯಿಂದ ಇಟ್ಟುಕೊಂಡು ತಂದವರ ಬಗ್ಗೆ ಹೇಳುತ್ತಿಲ್ಲ, ಅಂಥವರನ್ನು ಕಂಡರೆ ನನಗೇ ಖುಷಿ. ನಿನ್ನೆ ಮೊನ್ನೆ ಬಿಡುಗಡೆಯಾದ, ನಮ್ಮ ಮೇಜಿನ ಮೇಲೆ ರಾಶಿ ಇರುವ ಅದೇ ಪುಸ್ತಕವನ್ನು ನಾಲ್ಕು ಕಾಸು ಉಳಿಸಲು ಬೇರೆ ಕಡೆ ಕೊಂಡು, ನಮ್ಮ ಕುರ್ಚಿಯಲ್ಲಿ ಕೂತು, ನಮ್ಮ ನೀರು ಕುಡಿದು, ನಾವು ಕರೆಸಿದ ಲೇಖಕರಿಂದ ಸಹಿ ಹಾಕಿಸಿಕೊಂಡು ಹೋಗುವವರ ಬಗ್ಗೆ ಹೇಳುತ್ತಿದ್ದೇನೆ. ಮರುದಿನ ಪ್ರಕಾಶಕರ ಕಡೆಯಿಂದ ಕೇಳುವ ಮೊದಲ ಪ್ರಶ್ನೆ, ಎಷ್ಟು ಪ್ರತಿ ಹೋಯಿತು? ಜನ ತುಂಬಿದ್ದರು ಅಂದರೆ ಅವರಿಗೆ ಪ್ರಯೋಜನವಿಲ್ಲ. ಲೆಕ್ಕ ಚಿಕ್ಕದಿದ್ದರೆ ಮುಂದಿನ ಸಲ ಲೇಖಕರನ್ನು ಬೇರೆ ಕಡೆ ಕಳಿಸುತ್ತಾರೆ, ಸಣ್ಣ ಅಂಗಡಿಗೆ ಕಳಿಸುವುದಿಲ್ಲ. ಆಮೇಲೆ ಇದೇ ಜನ ಬಂದು, ಈಗೇನು ಕಾರ್ಯಕ್ರಮಗಳೇ ಇಲ್ಲವಲ್ಲ ಅಂತ ಕೇಳುತ್ತಾರೆ.

ಆನ್‌ಲೈನ್‌ನಲ್ಲೇ ಬೇಕು, ಅಂಗಡಿಗೆ ಬರಲು ಪುರುಸೊತ್ತಿಲ್ಲ ಅಂದರೆ ಅದಕ್ಕೂ ದಾರಿ ಇದೆ. ಅಮೆರಿಕದಲ್ಲಿ 2020ರಲ್ಲಿ ಶುರುವಾದ ಬುಕ್‌ಶಾಪ್ ಡಾಟ್ ಆರ್ಗ್‌ನಂಥ ತಾಣದಲ್ಲಿ ಕೊಂಡರೆ ನೀವು ಆರಿಸಿದ ಸ್ವತಂತ್ರ ಅಂಗಡಿಗೆ ಒಂದು ಪಾಲು ಬರುತ್ತದೆ. ಇಲ್ಲದಿದ್ದರೆ ನಿಮಗೆ ಗೊತ್ತಿರುವ ಅಂಗಡಿಗೆ ಒಂದು ಫೋನ್ ಮಾಡಿ. ಬಹುಪಾಲು ಅಂಗಡಿಗಳು ಇಲ್ಲದ ಪುಸ್ತಕ ತರಿಸಿಕೊಡುತ್ತವೆ, ಬಿಡುಗಡೆಗೆ ಮುಂಚೆಯೇ ಹೆಸರು ಬರೆದಿಟ್ಟುಕೊಳ್ಳುತ್ತವೆ. ನೀವು ಮುಂಚೆಯೇ ಹೇಳಿದರೆ ಎಷ್ಟು ತರಿಸಬೇಕು ಅಂತ ನಮಗೂ ಧೈರ್ಯ ಬರುತ್ತದೆ. ಸೆಪ್ಟೆಂಬರ್ ಪುಸ್ತಕಕ್ಕೆ ಆಗಸ್ಟಿನಲ್ಲೇ ಹೆಸರು ಕೊಡುವ ಹತ್ತು ಜನ ಇದ್ದರೆ ಅಂಗಡಿಯ ಆ ತಿಂಗಳ ನಿದ್ದೆ ಬೇರೆಯೇ ಆಗುತ್ತದೆ.

ಫೋಟೋ ತೆಗೆಯಬಾರದು ಅಂತ ಬೋರ್ಡ್ ಹಾಕೋಣ ಅಂತ ನಮ್ಮಲ್ಲೇ ಒಬ್ಬರು ಹೇಳಿದರು. ನಾನು ಬೇಡ ಅಂದೆ. ನೆನಪಿಗೆ ಅಂತ ಫೋಟೋ ತೆಗೆದುಕೊಂಡು ಸಂಬಳ ಬಂದ ಮೇಲೆ ಬಂದು ಕೊಳ್ಳುವವರೂ ಇದ್ದಾರೆ, ಗೆಳೆಯರಿಗೆ ಕಳಿಸಿ ಅವರನ್ನೂ ಕರೆತರುವವರಿದ್ದಾರೆ. ಅವರ ಮುಖಕ್ಕೆ ಬೋರ್ಡ್ ಹಿಡಿಯುವುದು ಅನ್ಯಾಯ. ಪ್ರಶ್ನೆ ಕೇಳಿದವರಿಗೆ ಉತ್ತರ ಕೊಡುವುದನ್ನೂ ನಿಲ್ಲಿಸುವುದಿಲ್ಲ. ಅದು ಬಿಟ್ಟರೆ ಈ ಕೆಲಸದಲ್ಲಿ ಉಳಿಯುವುದಾದರೂ ಏನು?

ಆದರೆ ಕಾರ್ಯಕ್ರಮಗಳ ವಿಷಯದಲ್ಲಿ ಗಟ್ಟಿ ಮನಸ್ಸು ಮಾಡಿದ್ದೇವೆ. ಸೆಪ್ಟೆಂಬರ್‌ನಿಂದ ಕುರ್ಚಿ ಬೇಕು ಅಂದರೆ ಆ ಲೇಖಕರ ಒಂದು ಪುಸ್ತಕವನ್ನು ನಮ್ಮಲ್ಲಿ ಮೊದಲೇ ಕೊಂಡಿರಬೇಕು, ಸಹಿಯ ಸಾಲಿಗೂ ಅದೇ ನಿಯಮ. ಹಳೆಯ ಪ್ರತಿ ಜೊತೆಗೆ ತನ್ನಿ, ಅದಕ್ಕೂ ಸಹಿ ಹಾಕಿಸಿಕೊಡುತ್ತೇವೆ. ಕೊಳ್ಳಲು ನಿಜವಾಗಿ ಕಷ್ಟ ಇದ್ದರೆ ಬಂದು ಕಿವಿಯಲ್ಲಿ ಹೇಳಿ, ಯಾಕೆ ಏನು ಅಂತ ಕೇಳದೆ ಕೂರಿಸುತ್ತೇವೆ. ಹೆಸರು ಕೊಟ್ಟು ಬರದೆ ಹೋದವರ ಪುಸ್ತಕ ಗಲ್ಲಾದ ಹಿಂದೆ ಅವರ ಹೆಸರಲ್ಲೇ ಇರುತ್ತದೆ, ಯಾವಾಗ ಬೇಕಾದರೂ ಬಂದು ತೆಗೆದುಕೊಂಡು ಹೋಗಲಿ. ಇದಕ್ಕೆ ಬೇಜಾರಾಗಿ ಬರುವುದನ್ನೇ ಬಿಡುತ್ತೇವೆ ಅನ್ನುವವರು ಬಿಡಲಿ.