ಒಂಬತ್ತೋ ಹತ್ತೋ

ಕಳೆದ ಶನಿವಾರ ಸಂಜೆ ಗಿಟಾರಿನ ಮೊದಲನೆಯ ತಂತಿ ತುಂಡಾಯಿತು. ತುಂಡಾಗುವ ಮುನ್ನ ಅದು ಯಾವ ಸೂಚನೆಯನ್ನೂ ಕೊಡುವುದಿಲ್ಲ. 'ಟಣ್' ಎಂದು ಹಾರಿ, ಅಂಗೈಯ ಹಿಂಬದಿಗೆ ಸಣ್ಣದೊಂದು ಚಡಿಯೇಟು ಕೊಟ್ಟು, ಏನೂ ಆಗದಂತೆ ನೇತಾಡುತ್ತದೆ. ಅಡುಗೆಮನೆಯಿಂದ ಹೆಂಡತಿ, "ಏನು ಒಡೆದದ್ದು?" ಎಂದು ಕೇಳಿದಳು. "ಒಡೆದದ್ದಲ್ಲ, ತಂತಿ ತುಂಡಾದದ್ದು" ಎಂದೆ. "ಹಾಗಾದರೆ ಇನ್ನೊಂದು ವಾರ ಮನೆ ತಣ್ಣಗಿರುತ್ತದೆ" ಎಂದಳು.

ಅವಳ ಲೆಕ್ಕ ಸರಿ. ಆರು ತಂತಿ ಬದಲಿಸಲು ಅರ್ಧ ಗಂಟೆ ಸಾಕು. ಯಾವ ತಂತಿ ಎಂದು ತೀರ್ಮಾನಿಸಲು ನನಗೆ ವಾರ ಬೇಕು. ತನ್ನನ್ನು ನೋಡಿ ಒಪ್ಪಲು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತೂ ತೆಗೆದುಕೊಳ್ಳದವನು ಕಬ್ಬಿಣದ ತಂತಿಗೆ ಇಷ್ಟು ಜಾತಕ ನೋಡುವುದೇಕೆ ಎಂಬುದು ಅವಳ ಹಳೆಯ ಪ್ರಶ್ನೆ. ಇದಕ್ಕೆ ನನ್ನಲ್ಲಿ ಉತ್ತರವಿದೆ, ಆದರೆ ಹೇಳುವ ಧೈರ್ಯವಿಲ್ಲ.

ನಮ್ಮ ಅತ್ತೆಯವರದು ಬೇರೆಯೇ ಆತಂಕ. ಎಲೆಕ್ಟ್ರಿಕ್ ಗಿಟಾರಿಗೆ ತಂತಿ ತರುತ್ತೇನೆ ಎಂದರೆ ಅವರ ಕಣ್ಣಿಗೆ ಕರೆಂಟು ಕಂಬ ಬರುತ್ತದೆ. ತಪ್ಪು ಅವರದಲ್ಲ, ಕನ್ನಡದಲ್ಲಿ ತಂತಿ ಎಂಬ ಒಂದೇ ಪದ ವೀಣೆಗೂ ಬೇಲಿಗೂ ವಿದ್ಯುತ್ತಿಗೂ ದುಡಿಯುತ್ತದೆ. 2013ರ ಜುಲೈವರೆಗೆ ಟೆಲಿಗ್ರಾಮ್ ಆಗಿ ಅಂಚೆಯವನ ಕೈಯಲ್ಲಿ ಸಾವಿನ ಸುದ್ದಿಯಾಗಿಯೂ ಬರುತ್ತಿತ್ತು. "ಮಳೆಗಾಲದಲ್ಲಿ ಬರಿಗಾಲಲ್ಲಿ ನಿಂತು ಅದನ್ನು ಮುಟ್ಟಬೇಡಿ ಅಳಿಯಂದಿರೇ" ಎಂದು ಅವರು ಪ್ರತಿ ಜೂನ್‌ನಲ್ಲಿ ಹೇಳುತ್ತಾರೆ. ಈ ತಂತಿಯೊಳಕ್ಕೆ ಯಾರೂ ಕರೆಂಟು ಬಿಡುವುದಿಲ್ಲ, ಕೆಳಗೆ ಅಯಸ್ಕಾಂತವಿದೆ, ಅದರ ಸುತ್ತ ಕೂದಲಿನಷ್ಟು ತೆಳ್ಳಗಿನ ತಾಮ್ರದ ಎಳೆಯನ್ನು ಸಾವಿರಾರು ಸುತ್ತು ಸುತ್ತಿದ್ದಾರೆ, ಉಕ್ಕಿನ ತಂತಿ ಅದರ ಮುಂದೆ ನಡುಗಿದರೆ ಆ ಸುರುಳಿಯಲ್ಲಿ ತಾನಾಗಿಯೇ ಒಂದಿಷ್ಟು ಕರೆಂಟು ಹುಟ್ಟುತ್ತದೆ, ಇದನ್ನು ಫ್ಯಾರಡೆ 1831ರಲ್ಲೇ ಕಂಡುಕೊಂಡ ಎಂದೆಲ್ಲ ವಿವರಿಸಿದೆ. "ಹುಟ್ಟುತ್ತದೆ ಎಂದು ನೀವೇ ಹೇಳಿದಿರಲ್ಲ" ಎಂದರು.

ಆದರೆ ಆಯ್ಕೆಯ ಮೊದಲ ನಿಯಮ ಈ ಅಯಸ್ಕಾಂತದ್ದೇ. ಅದಕ್ಕೆ ಕಬ್ಬಿಣದ ಜಾತಿಯ ಲೋಹದ ಭಾಷೆ ಮಾತ್ರ ತಿಳಿಯುತ್ತದೆ. ನೈಲಾನ್ ತಂತಿ ಹಾಕಿದರೆ ಅದು ಕಿವುಡು. ಅಕ್ಕನ ವೀಣೆಯ ಹಿತ್ತಾಳೆ ತಂತಿ ತಂದು ಬಿಗಿದರೂ ಕಿವುಡು. ಹಾಗಾಗಿ ತೆಳ್ಳಗಿನ ಮೂರು ತಂತಿ ಬರಿಯ ಉಕ್ಕು. ದಪ್ಪನೆಯ ಮೂರು, ಉಕ್ಕಿನ ನಡುವೆಳೆಗೆ ನಿಕ್ಕಲ್ ಲೇಪದ ಇನ್ನೊಂದು ಎಳೆಯನ್ನು ಒತ್ತೊತ್ತಾಗಿ ಸುತ್ತಿದವು. ಇಷ್ಟರಲ್ಲಿ ಗೊಂದಲವಿಲ್ಲ. ಗೊಂದಲವಿರುವುದು ದಪ್ಪದಲ್ಲಿ.

ದಪ್ಪವನ್ನು ಅಳೆಯುವುದು ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ. ಮೊದಲ ತಂತಿ ಅಂಥ ಒಂಬತ್ತು ಭಾಗವಿದ್ದರೆ ಇಡೀ ಕಟ್ಟಿನ ಹೆಸರೇ ಒಂಬತ್ತು, ಹತ್ತಿದ್ದರೆ ಹತ್ತು. ಅಂಗಡಿಯಲ್ಲಿ ಯಾರೂ ಪೂರ್ತಿ ಹೆಸರು ಹೇಳುವುದಿಲ್ಲ. ಮೀನು ಮಾರ್ಕೆಟಿನಲ್ಲಿ ಬಂಗುಡೆ ಕೇಳಿದ ಹಾಗೆ "ಹತ್ತು ಕೊಡಿ" ಎಂದರೆ ಮುಗಿಯಿತು. ಇನ್ನು ವ್ಯತ್ಯಾಸ ಎಷ್ಟೆಂದು ನೋಡಿ: ನಮ್ಮ ತಲೆಗೂದಲು ಸುಮಾರಾಗಿ ಇಂಚಿನ ಸಾವಿರದ ಮೂರು ಭಾಗದಷ್ಟು ದಪ್ಪ. ಅಂದರೆ ಒಂಬತ್ತಕ್ಕೂ ಹತ್ತಕ್ಕೂ ನಡುವೆ ಇರುವುದು ಕೂದಲೆಳೆಯ ಅಂತರ ಕೂಡ ಅಲ್ಲ, ಅದರ ಮೂರನೆಯ ಒಂದು ಪಾಲು. ಪಂಚಾಯಿತಿ ಚುನಾವಣೆಯಲ್ಲಿ ಒಂದು ಮತದಿಂದ ಸೋತವನು ಕೂಡ ಇಷ್ಟು ಸಣ್ಣ ಅಂತರಕ್ಕೆ ತಲೆ ಕೆಡಿಸಿಕೊಂಡಿರಲಾರ.

ಆದರೆ ಬೆರಳಿಗೆ ಗೊತ್ತಾಗುತ್ತದೆ. ಅದೇ ಉದ್ದ, ಅದೇ ಸ್ವರ ಬೇಕಾದರೆ ತಂತಿಯ ಬಿಗಿತ ದಪ್ಪದ ವರ್ಗದಂತೆ, ಅಂದರೆ ದಪ್ಪವನ್ನು ದಪ್ಪದಿಂದಲೇ ಗುಣಿಸಿದ ಲೆಕ್ಕದಲ್ಲಿ, ಏರುತ್ತದೆ. ಫ್ರಾನ್ಸಿನ ಪಾದ್ರಿ ಮೆರ್ಸೆನ್ 1636ರಲ್ಲೇ ಈ ಸಂಬಂಧಗಳನ್ನು ಬರೆದಿಟ್ಟಿದ್ದಾನೆ. ಒಂಬತ್ತರ ಮೊದಲ ತಂತಿ ಸುಮಾರು ಆರು ಕಿಲೋ ಎಳೆದರೆ ಹತ್ತರದು ಏಳು ಕಿಲೋ ಮೀರುತ್ತದೆ. ಆರೂ ತಂತಿ ಸೇರಿದರೆ ಒಂಬತ್ತರ ಕಟ್ಟಿನಲ್ಲಿ 38 ಕಿಲೋ ಆಸುಪಾಸು, ಹತ್ತರಲ್ಲಿ 47ರ ಹತ್ತಿರ. ಮೂಲೆಯಲ್ಲಿ ಸುಮ್ಮನೆ ಒರಗಿ ನಿಂತಿರುವ ಗಿಟಾರು ಹಗಲಿರುಳೂ ಹೆಚ್ಚುಕಡಿಮೆ ಒಂದು ಮೂಟೆ ಅಕ್ಕಿಯ ಭಾರವನ್ನು ತಾಳಿಕೊಂಡಿರುತ್ತದೆ. ಇದು ತಿಳಿದ ಮೇಲೆ ನಾನು ಅದನ್ನು ಸೋಮಾರಿ ಎಂದು ಕರೆಯುವುದನ್ನು ಬಿಟ್ಟಿದ್ದೇನೆ.

ತಿಳಿಯುವ ಮೊದಲು ಒಂದು ಅನಾಹುತ ಮಾಡಿದ್ದೆ. ಗಲ್ಫಿಗೆ ಹೊರಟ ಗೆಳೆಯನೊಬ್ಬ ಅರ್ಧ ಬೆಲೆಗೆ ಬಿಟ್ಟುಹೋದ ಗಿಟಾರು ನನ್ನದು. ತಂತಿಗಳನ್ನು ಹೊತ್ತ ಸೇತುವೆಯನ್ನು ವೀಣೆಯವರು ಕುದುರೆ ಎನ್ನುತ್ತಾರೆ. ನನಗೂ ಆ ಹೆಸರೇ ಇಷ್ಟ. ಈ ಗಿಟಾರಿನ ಕುದುರೆ ಮರಕ್ಕೆ ಕಚ್ಚಿ ಕೂತಿಲ್ಲ. ಮುಂದಿನಿಂದ ತಂತಿಗಳು ಎಳೆಯುತ್ತವೆ, ಹಿಂದೆ ಹೊಟ್ಟೆಯೊಳಗೆ ಅಡಗಿರುವ ಸ್ಪ್ರಿಂಗುಗಳು ಅದನ್ನು ತಡೆದು ಹಿಡಿಯುತ್ತವೆ, ನಡುವೆ ಅದು ತೇಲುತ್ತಿರುತ್ತದೆ. ದಪ್ಪ ತಂತಿಯಲ್ಲಿ ನಾದ ತುಂಬಿ ಬರುತ್ತದೆ ಎಂದು ಎಲ್ಲೋ ಓದಿ, ಒಂಬತ್ತು ತೆಗೆದು ಒಮ್ಮೆಗೇ ಹನ್ನೊಂದು ಹಾಕಿದೆ. ಒಂದನ್ನು ಶ್ರುತಿ ಮಾಡಿದರೆ ಮೊದಲು ಮಾಡಿದ್ದು ಇಳಿಯುತ್ತಿತ್ತು. ಅದನ್ನು ಏರಿಸಿದರೆ ಇದು ಇಳಿಯುತ್ತಿತ್ತು. ಬಿರಡೆ ತಿರುಗಿಸಿ ತಿರುಗಿಸಿ ಬೆವತು, ಮುಕ್ಕಾಲು ಗಂಟೆಯ ನಂತರ ಕನ್ನಡಕ ಹಾಕಿಕೊಂಡು ನೋಡಿದರೆ ಕುದುರೆ ಹಿಂಗಾಲೆತ್ತಿ ಒದೆಯಲು ನಿಂತಿದೆ. ಸ್ಪ್ರಿಂಗಿನ ತಿರುಪನ್ನು ಬಿಗಿ ಮಾಡಬೇಕಿತ್ತಂತೆ. ಆ ರಾತ್ರಿ ಆರು ತಂತಿಯನ್ನೂ ಬಿಚ್ಚಿ ಮಲಗಿದೆ. ಮರುದಿನ ಅವು ಅಂಗಳದಲ್ಲಿ ಮಲ್ಲಿಗೆ ಬಳ್ಳಿಗೆ ಚಪ್ಪರವಾದವು. ಚಪ್ಪರಕ್ಕೆ ಹನ್ನೊಂದು ಬಹಳ ಒಳ್ಳೆಯದು.

ಒಂದು ಕಾಲಕ್ಕೆ ಈ ಆಯ್ಕೆಯ ತಲೆನೋವೇ ಇರಲಿಲ್ಲ, ಏಕೆಂದರೆ ತೆಳ್ಳಗಿನ ತಂತಿಯ ಕಟ್ಟೇ ಮಾರಾಟಕ್ಕೆ ಸಿಗುತ್ತಿರಲಿಲ್ಲ. ಮೂರನೆಯ ತಂತಿ ಕೂಡ ಸುತ್ತಿದ ದಪ್ಪ ತಂತಿ. ಅದನ್ನು ಬಗ್ಗಿಸಲು ಬೆರಳಿಗಿಂತ ರಟ್ಟೆ ಬೇಕಿತ್ತು. ಅಮೆರಿಕದ ಚಾಣಾಕ್ಷರು ಬ್ಯಾಂಜೋ ವಾದ್ಯದ ತೆಳು ತಂತಿಯೊಂದನ್ನು ಕೊಂಡು ಮೊದಲನೆಯದಾಗಿ ಹಾಕಿ, ಉಳಿದವನ್ನು ಒಂದೊಂದು ಮನೆ ಕೆಳಗೆ ಸರಿಸುತ್ತಿದ್ದರು. ಕ್ಯಾಲಿಫೋರ್ನಿಯಾದ ಟಾರ್ಜಾನಾದಲ್ಲಿ ಗಿಟಾರಿನ ಅಂಗಡಿ ಇಟ್ಟಿದ್ದ ಎರ್ನಿ ಬಾಲ್, ಕಲಿಯಲು ಬಂದ ಹುಡುಗರು ಆ ಮೂರನೆಯ ತಂತಿಯೊಡನೆ ಒದ್ದಾಡುವುದನ್ನು ಕಂಡು, ಹಗುರ ತಂತಿ ಮಾಡಿಕೊಡಿ ಎಂದು ದೊಡ್ಡ ಕಂಪನಿಯನ್ನು ಕೇಳಿದ. ಆಗುವುದಿಲ್ಲ ಎಂದರು. ಬೇರೆಯವರಿಂದ ಮಾಡಿಸಿ, 1962ರಲ್ಲಿ 'ಸ್ಲಿಂಕಿ' ಎಂಬ ಹೆಸರಿಟ್ಟು ತಾನೇ ಮಾರಿದ. ಇಂದಿಗೂ ಗುಲಾಬಿ ಪೊಟ್ಟಣವೆಂದರೆ ಒಂಬತ್ತು, ಹಳದಿಹಸಿರು ಪೊಟ್ಟಣವೆಂದರೆ ಹತ್ತು. ನನ್ನ ಸಂಕಟಕ್ಕೆ ಬಣ್ಣ ಕೊಟ್ಟವನು ಅವನೇ.

ದಪ್ಪವೇ ದೊಡ್ಡಸ್ತಿಕೆ ಎನ್ನುವ ಪಂಗಡವೊಂದಿದೆ. ಅವರ ಕುಲದೈವ ಟೆಕ್ಸಾಸಿನ ಗಿಟಾರ್ ವಾದಕ ಸ್ಟೀವಿ ರೇ ವಾನ್. ಆತ ಹದಿಮೂರು ಹಾಕುತ್ತಿದ್ದ. ಶ್ರುತಿಯನ್ನು ಅರ್ಧ ಸ್ವರ ಇಳಿಸಿಕೊಂಡಿದ್ದರೂ ಬೆರಳ ತುದಿ ಕಿತ್ತುಬರುತ್ತಿತ್ತು, ಅದಕ್ಕೆ ಸೂಪರ್ ಗ್ಲೂ ಹಚ್ಚಿಕೊಂಡು ನುಡಿಸುತ್ತಿದ್ದ. ಅದೇ ಟೆಕ್ಸಾಸಿನ ಬಿಲ್ಲಿ ಗಿಬ್ಬನ್ಸ್ ಹೇಳಿಕೊಳ್ಳುವ ಕಥೆಯೇ ಬೇರೆ. ಅವನ ಗಿಟಾರನ್ನು ಒಮ್ಮೆ ಕೈಗೆತ್ತಿಕೊಂಡ ಬ್ಲೂಸ್ ಸಂಗೀತದ ಹಿರಿಯ ಬಿ.ಬಿ. ಕಿಂಗ್, ಇಷ್ಟು ಕಷ್ಟಪಡುವುದೇಕೆ ಎಂದು ಕೇಳಿದರಂತೆ. ಗಿಬ್ಬನ್ಸ್ ಅಂದಿನಿಂದ ಹಗುರಾಗುತ್ತ ಹೋಗಿ ಏಳಕ್ಕೆ ಇಳಿದ. ಹಿರಿಯರ ಒಂದು ಮಾತು ಕೇಳಿ ಇಷ್ಟು ಬದಲಾದವರು ನಮ್ಮ ಬಳಗದಲ್ಲಿ ಯಾರೂ ಇಲ್ಲ.

ನನಗೆ ಇವರಿಬ್ಬರಿಗಿಂತ ಹೆಚ್ಚು ನೆನಪಾಗುವವನು ಬರ್ಮಿಂಗ್‌ಹ್ಯಾಮಿನ ಗಿಟಾರ್ ವಾದಕ ಟೋನಿ ಅಯೋಮಿ. ಹದಿನೇಳರ ವಯಸ್ಸು, ತಗಡಿನ ಕಾರ್ಖಾನೆ, ಕೆಲಸದ ಕೊನೆಯ ದಿನ. ಯಂತ್ರ ಬಲಗೈಯ ನಡುಬೆರಳು ಮತ್ತು ಉಂಗುರ ಬೆರಳಿನ ತುದಿಗಳನ್ನು ತೆಗೆದುಕೊಂಡಿತು. ಎಡಚನಾದ್ದರಿಂದ ತಂತಿ ಒತ್ತುವ ಕೈಯೇ ಅದು. ಪ್ಲಾಸ್ಟಿಕ್ ಬಾಟಲಿಯೊಂದನ್ನು ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ಅದಕ್ಕೆ ಚರ್ಮದ ತುಂಡು ಅಂಟಿಸಿದ, ಒತ್ತಲು ನೋವಾಗದಿರಲೆಂದು ಬ್ಯಾಂಜೋ ತಂತಿ ಹಾಕಿದ, ಮುಂದೆ ಶ್ರುತಿಯನ್ನೂ ಇಳಿಸಿ ತಂತಿಯನ್ನು ಸಡಿಲ ಮಾಡಿಕೊಂಡ. ಜಗತ್ತು ಹೆವಿ ಮೆಟಲ್ ಎಂದು ಕರೆದ ಆ ಭಾರೀ ನಾದ ಹೊರಟದ್ದು ಹೀಗೆ ಸಡಿಲಿಸಿದ ಹಗುರ ತಂತಿಯಿಂದ. ದಪ್ಪದ ಪಂಗಡದವರ ಮುಂದೆ ನಾನು ಈ ಕಥೆ ಹೇಳುತ್ತೇನೆ. ಅವರು ಕೇಳಿಸಿಕೊಂಡು, ಮತ್ತೆ ಹದಿಮೂರಕ್ಕೇ ಹೋಗುತ್ತಾರೆ.

ಹತ್ತು ಬೆರಳೂ ನೆಟ್ಟಗಿರುವ ನನ್ನ ಸಮಸ್ಯೆ ಗಮಕದ್ದು. ಅಕ್ಕ ಮೈಸೂರಿನಲ್ಲಿ ವೀಣೆ ಕಲಿತವಳು. ವೀಣೆಯ ಮುಖ್ಯ ತಂತಿಯಾದ ಸಾರಣಿಯನ್ನು ಮೆಟ್ಟಿಲ ಮೇಲೆ ಎಳೆದು ಎರಡು ಮೂರು ಸ್ವರವನ್ನು ಒಂದೇ ಜಾಗದಲ್ಲಿ ತೆಗೆಯುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ರಜೆಗೆ ಬಂದಾಗ ನಾನು ಗಿಟಾರಿನಲ್ಲಿ ಕಲ್ಯಾಣಿ ರಾಗವನ್ನು ಹುಡುಕುತ್ತಿರುತ್ತೇನೆ, ಅವಳು ಅವರೆಕಾಳು ಬಿಡಿಸುತ್ತ ಕೇಳುತ್ತಿರುತ್ತಾಳೆ. ಒಂಬತ್ತರಲ್ಲಿ ನುಡಿಸಿದಾಗ, "ಅದು ನೀನು ಎಳೆದದ್ದೋ, ಜಾರಿದ್ದೋ?" ಎಂದಳು. ತೆಳು ತಂತಿಯ ದೋಷ ಅದು: ಸ್ವಲ್ಪ ಬಲವಾಗಿ ಒತ್ತಿದರೆ ಸಾಕು, ಕೇಳದೆಯೇ ಶ್ರುತಿ ಏರಿಬಿಡುತ್ತದೆ. ಮರುವರ್ಷ ಹತ್ತರಲ್ಲಿ ನುಡಿಸಿದೆ. ಶ್ರುತಿ ನಿಂತಿತು. ಅವಳು ತಲೆಯೆತ್ತಿ ನನ್ನ ಮುಖ ನೋಡಿ, "ಗಮಕ ಪರವಾಗಿಲ್ಲ, ನಿನ್ನ ಹಲ್ಲು ಕಚ್ಚುವುದನ್ನು ನೋಡಲಾಗುವುದಿಲ್ಲ" ಎಂದಳು.

ಇದರ ಮೇಲೆ ನಮ್ಮ ಮಂಗಳೂರಿನ ಗಾಳಿ. ಉಪ್ಪಿನ ಡಬ್ಬಿಯಲ್ಲಿ ಅಕ್ಕಿಕಾಳು ಹಾಕಿಟ್ಟರೂ ಉಪ್ಪು ನೀರಾಗುವ ಊರಿನಲ್ಲಿ ಉಕ್ಕು ಎಷ್ಟು ದಿನ ಬಾಳೀತು? ಬೆಂಗಳೂರಿನ ಗೆಳೆಯನ ತಂತಿ ಮೂರು ತಿಂಗಳು ಹೊಳೆಯುತ್ತದೆ. ನನ್ನದು ಆಷಾಢದಲ್ಲಿ ಹದಿನೈದು ದಿನಕ್ಕೆ ಮಂಕಾಗಿ, ಬೆರಳು ಜಾರಿಸಿದರೆ ಮರಳು ಕಾಗದದಂತೆ ಕೆರೆಯುತ್ತದೆ. ಅದಕ್ಕೂ ಮದ್ದಿದೆ, ಪ್ಲಾಸ್ಟಿಕ್ಕಿನಂಥ ತೆಳು ಲೇಪದ ತಂತಿ. ಅದನ್ನು ತಂದ ಎಲಿಕ್ಸರ್ ಕಂಪನಿಯವರು ಗೋರ್ ಎಂಬ ಸಂಸ್ಥೆಯವರು, ಗೋರ್‌ಟೆಕ್ಸ್ ಎಂಬ ಮಳೆ ತಡೆಯುವ ಬಟ್ಟೆಯನ್ನು ಮಾಡುವವರೂ ಅವರೇ. ಇದನ್ನು ಹೆಂಡತಿಗೆ ಹೇಳಿದ್ದು ತಪ್ಪಾಯಿತು. "ಗಂಡನಿಗೆ ಹರಿದ ಕೊಡೆ, ಅವನ ತಂತಿಗೆ ರೈನ್‌ಕೋಟು" ಎಂದು ಅದನ್ನು ನೆಂಟರಿಷ್ಟರಲ್ಲೆಲ್ಲ ಹಬ್ಬಿಸಿದಳು. ಒಮ್ಮೆ ತಂದು ಹಾಕಿದೆ. ತುಕ್ಕು ಹಿಡಿಯಲಿಲ್ಲ, ನಿಜ. ಆದರೆ ಎಣ್ಣೆ ಹಚ್ಚಿದ ಕಂಬ ಹತ್ತಿದ ಹಾಗೆ ಬೆರಳು ಸರ್ರನೆ ಜಾರುತ್ತಿತ್ತು. ಈಗ ಹಳೆಯ ಬೈರಾಸಿನ ತುಂಡಿನಿಂದ ದಿನವೂ ತಂತಿ ಒರೆಸುವುದೇ ನನ್ನ ಲೇಪ.

ಪೊಟ್ಟಣದ ಮೇಲಿನ ವರ್ಣನೆಗಳನ್ನು ನಾನು ನಂಬುವುದಿಲ್ಲ. ಬೆಚ್ಚಗಿನ ನಾದ, ಬೆಳಗುವ ನಾದ, ಹಳೆಯ ಕಾಲದ ನಾದ. ಹೊಸ ತಂತಿ ಯಾವುದಾದರೂ ಮೊದಲ ದಿನ ಬೆಳಗುತ್ತದೆ, ತಿಂಗಳು ಕಳೆದರೆ ಎಲ್ಲವೂ ಬೆಚ್ಚಗೆ ಮಲಗುತ್ತವೆ.

ಹೀಗೆ ಎಲ್ಲವನ್ನೂ ಮತ್ತೊಮ್ಮೆ ಯೋಚಿಸಿ, ಶುಕ್ರವಾರ ಕಚೇರಿ ಬಿಟ್ಟವನು ಹಂಪನಕಟ್ಟೆಯ ಹತ್ತಿರದ ಅಂಗಡಿಗೆ ಹೋದೆ. ಅಂಗಡಿಯ ಯಜಮಾನರಾದ ಪೊರ್ಬುಗಳು (ಕ್ರೈಸ್ತ ಹಿರಿಯರನ್ನು ನಮ್ಮ ಕಡೆ ಕರೆಯುವುದು ಹೀಗೆ) ಎಪ್ಪತ್ತು ದಾಟಿದವರು. ಹಿಂದೆ ಬಿಡಿ ತಂತಿಯನ್ನು ಮೊಳ ಹೂವಿನಂತೆ ಒಂದೊಂದೇ ಸುರುಳಿ ಮಾಡಿ ಕೊಡುತ್ತಿದ್ದವರು. ನನ್ನನ್ನು ಕಂಡೊಡನೆ ಗುಲಾಬಿ ಪೊಟ್ಟಣವನ್ನೂ ಹಳದಿಹಸಿರು ಪೊಟ್ಟಣವನ್ನೂ ಗಾಜಿನ ಮೇಲೆ ಅಕ್ಕಪಕ್ಕ ಇಟ್ಟು, ಪತ್ರಿಕೆ ಬಿಡಿಸಿ ಓದಲು ಕೂತರು. ಎರಡನ್ನೂ ಎತ್ತಿ ನೋಡಿದೆ, ತಿರುಗಿಸಿ ನೋಡಿದೆ. ಪತ್ರಿಕೆಯ ಎರಡು ಪುಟ ಮುಗಿಯಿತು.

"ಒಂಬತ್ತೂವರೆ" ಎಂದರು ಪೊರ್ಬುಗಳು, ತಲೆಯೆತ್ತದೆ.

ನಾನು ಗಾಬರಿಯಾಗಿ ಗೋಡೆಯ ಗಡಿಯಾರ ನೋಡಿದೆ. ಆರು ಮುಕ್ಕಾಲು.

"ಗಂಟೆ ಅಲ್ಲ ಮಾರಾಯರೇ, ತಂತಿ. ಒಂಬತ್ತೂವರೆ ಎಂದೇ ಒಂದು ಬರುತ್ತದೆ ಈಗ. ಬೇಕೋ?"

"ಇಷ್ಟು ವರ್ಷ ಏಕೆ ಹೇಳಲಿಲ್ಲ?"

"ನೀವು ಕೇಳುತ್ತಿದ್ದದ್ದು ಒಂಬತ್ತೋ ಹತ್ತೋ ಎಂದಲ್ಲವೋ?"

ಕೂದಲೆಳೆಯ ಆರನೆಯ ಒಂದು ಪಾಲು. ಬೆಲೆ ಕೇಳದೆ ತೆಗೆದುಕೊಂಡೆ. ಮನೆಗೆ ಬಂದು, ಕೈಕಾಲು ತೊಳೆದು, ಗಿಟಾರನ್ನು ಮಡಿಲಲ್ಲಿ ಮಲಗಿಸಿ ಪೊಟ್ಟಣದ ಬೆನ್ನು ಓದಿದೆ: 9.5, 12, 16, 24, 34, 44. ಹಳೆಯ ಹತ್ತರ ಕಟ್ಟಿನ ಪೊಟ್ಟಣ ಕಪಾಟಿನಲ್ಲೇ ಇತ್ತು. ಅದರಲ್ಲಿ ಕೊನೆಯ ತಂತಿ 46. ಇದರಲ್ಲಿ 44.

ಪೊಟ್ಟಣವನ್ನು ಮೇಜಿನ ಮೇಲಿಟ್ಟೆ. ಅಡುಗೆಮನೆಯಿಂದ, "ಆಯಿತೋ?" ಎಂದು ಕೇಳಿಸಿತು. "ಎರಡು ದಿನ ತಡೆ" ಎಂದೆ.