ಕಣಿವೆಗೆ ಬೀಳುವ ಮುಚ್ಚಳ

ಕಠ್ಮಂಡು ಕಣಿವೆಯ ಚಳಿಗಾಲದ ಹೊಗೆಗೆ ವಾಹನ, ಇಟ್ಟಿಗೆ ಭಟ್ಟಿಗಳೇ ಕಾರಣ ಎಂದು ಒಂದು ಲೇಖನದಲ್ಲಿ ಓದಿದೆ. ನಿಜ. ಆದರೆ ವಾಹನಗಳು ಮಳೆಗಾಲದಲ್ಲೂ ಓಡುತ್ತವೆ ಅಲ್ವಾ? ಚಳಿಗಾಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ತಣ್ಣನೆಯ ಗಾಳಿ ಕೆಳಗೆ, ಬೆಚ್ಚನೆಯದು ಮೇಲೆ. ಪಾತ್ರೆಗೆ ತಟ್ಟೆ ಮುಚ್ಚಿದ ಹಾಗೆ. ಸುತ್ತ ಬೆಟ್ಟ ಇರುವುದರಿಂದ ಹೊಗೆ ಪಕ್ಕಕ್ಕೂ ಸುಲಭವಾಗಿ ಸರಿಯುವುದಿಲ್ಲ. ಬಿಸಿಲು ಏರಿದ ಮೇಲೆಯೇ ಆ ಮುಚ್ಚಳ ತೆರೆಯುವುದು.

ನಾನು ಪುಣೆಯ ಕೋಥರೂಡ್‌ನವಳು. ಇಲ್ಲಿಯ ಗುಡ್ಡಗಳು ಅಷ್ಟು ಎತ್ತರವಲ್ಲ. ಆದರೂ ಡಿಸೆಂಬರ್‌ನಲ್ಲಿ ಬೆಳಿಗ್ಗೆ ವೇತಾಳ ಟೇಕಡಿ ಎಂಬ ಗುಡ್ಡ ಹತ್ತಿದರೆ ಊರಿನ ಮೇಲೆ ಬೂದು ಪದರ ಕಾಣುತ್ತದೆ. ಮಂಜು ಅಂತ ಫೋಟೊ ತೆಗೆಯುತ್ತಾರೆ. ಅದು ಬರೀ ಮಂಜಲ್ಲ. ರಾತ್ರಿ ವಾಚ್‌ಮನ್‌ಗಳು ಮೈ ಕಾಯಿಸಲು ಕಸ, ಪ್ಲಾಸ್ಟಿಕ್ ಸುಡುತ್ತಾರೆ. ಅವರನ್ನು ಸುಮ್ನೆ ಬೈದು ಏನು ಪ್ರಯೋಜನ? ಹೋದ ವರ್ಷ ನಮ್ಮ ಸೊಸೈಟಿಯಲ್ಲಿ ದುಡ್ಡು ಸೇರಿಸಿ ಅವರಿಗೆ ಸ್ವೆಟರ್, ಕಂಬಳಿ, ಒಂದು ಹೀಟರ್ ಕೊಟ್ಟೆವು. ಬೆಂಕಿ ನಿಂತಿತು.

ಇಂಥ ಹೊಗೆಯಲ್ಲಿರುವ, ಶ್ವಾಸಕೋಶದ ಆಳಕ್ಕೆ ಹೋಗುವ ಅತಿ ಸಣ್ಣ ಕಣಗಳಿಗೆ (ಪಿಎಂ 2.5) ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇಟ್ಟ ದಿನದ ಮಿತಿ ಒಂದು ಘನ ಮೀಟರ್ ಗಾಳಿಗೆ 15 ಮೈಕ್ರೋಗ್ರಾಂ, ನಮ್ಮ ದೇಶದ್ದು 60. ಉಬ್ಬಸ ಇರುವ ಹಿರಿಯರಿಗೆ ಬೆಳಗಿನ ಈ ಮುಚ್ಚಳದ ವಿಷಯ ಹೇಳಿ. ನಮ್ಮ ಅತ್ತೆ ಈಗ ಆರು ಗಂಟೆಯ ವಾಕಿಂಗ್ ಬಿಟ್ಟು, ಬಿಸಿಲು ಏರಿದ ಮೇಲೆ ಹೊರಡುತ್ತಾರೆ. ಕೆಮ್ಮು ಎಷ್ಟೋ ಕಡಿಮೆಯಾಗಿದೆ.